ನಮ್ಮ ಮುತ್ಯಾನ ಹೆಸರು ಎಲ್ಲಿ ಬರೆದದ?
(ಕೊಡ್ಲಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಊರಿಗೆ ಹೆಳವರು ಬರ್ತಾರ. ಗೌಡರ ಅಂಗಳದಾಗ ಎತ್ತು ನಿಲ್ಲಿಸಿ ತಲೆಮಾರುಗಳ ಹೆಸರು ಹೇಳಿ, ಕಾಳು-ರೊಕ್ಕ ತಗೊಂಡು ಹೋಗ್ತಾರ. ನಮ್ಮ ಕೇರಿಗೆ ಅವರು ಬಂದದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ನಮಗೆ ಚರಿತ್ರೆ ಇಲ್ಲ ಎಂದು ನಮ್ಮವರೇ ನಂಬಿ ಕೂತಿದ್ದಾರೆ. ಇದು ಸುಳ್ಳು. ನಮ್ಮ ಹಿರಿಯರ ಹೆಸರೂ ಬರೆದದ. ಆದರೆ ಬರೆದವರು ನಾವಲ್ಲ. ಕಂದಾಯ ಎತ್ತಿದವರು, ದುಡಿಸಿಕೊಂಡವರು, ತಲೆ ಎಣಿಸಿದವರು. ಅದನ್ನು ಹುಡುಕಿ ಓದುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು.

ಮೊದಲು ಲೈಬ್ರರಿಗೆ ಓಡಬೇಡಿ. ಮನೆಯಲ್ಲಿರುವ ಆಯಿಯ ಮುಂದೆ ಕೂಡ್ರಿ. ‘ಯಾವ ಇಸವಿ?’ ಎಂದು ಕೇಳಿದರೆ ಆಕೆಗೆ ಹೇಳಲು ಬರೋದಿಲ್ಲ. ಹೀಗೆ ಕೇಳಿ: ‘ರಜಾಕಾರರ ಗದ್ದಲದಾಗ ನಿಮ್ಮವ್ವ-ಅಪ್ಪ ಎಲ್ಲಿದ್ರು? ನಿನ್ನ ಲಗ್ನ ಬರಗಾಲಕ್ಕಿಂತ ಮೊದಲೋ, ಆಮೇಲೋ?’ ನಿಜಾಮನ ಆಳ್ವಿಕೆ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ. ನಮ್ಮ ಕಡೆಯ ದೊಡ್ಡ ಬರ 1972ರದು. ಇವೆರಡು ಗೂಟ ನೆಟ್ಟುಕೊಂಡರೆ ಉಳಿದ ವರ್ಷಗಳನ್ನು ಅಳೆಯಬಹುದು. ಅವ್ವನ ತವರೂರು, ಆಯಿಯ ತವರೂರು ಬಿಡದೆ ಬರೆದುಕೊಳ್ಳಿ. ಗಂಡಸರ ಹೆಸರಷ್ಟೇ ಬರೆದರೆ ಅದು ಅರ್ಧ ಚರಿತ್ರೆ. ದೇವರಿಗೆ ಬಿಟ್ಟ ತಾಯಂದಿರ ಮಕ್ಕಳೂ ನಮ್ಮಲ್ಲಿದ್ದಾರೆ. ತಂದೆಯ ಕಾಲಂ ಖಾಲಿ ಇದ್ದರೆ ವಂಶ ತಾಯಿಯಿಂದಲೇ ಶುರುವಾಗಲಿ. ಆ ಪದ್ಧತಿಯನ್ನು ನಿಷೇಧಿಸಿ 1982ರಲ್ಲಿ ಕಾನೂನು ಮಾಡಬೇಕಾಯಿತು. ನಾಚಿಕೆಪಡಬೇಕಾದವರು ಅದನ್ನು ನಡೆಸಿದವರು, ನೀವಲ್ಲ.

ವಾಡಿ, ಶಹಾಬಾದದ ಹುಡುಗರೆ, ನಿಮ್ಮ ಮನೆಯ ಟ್ರಂಕು ತೆಗೆದು ನೋಡಿ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿದ್ದು 1874ರಲ್ಲಿ. ಹಳಿಯ ಕೆಲಸ, ಕಲ್ಲಿನ ಖಣಿ, ಸಿಮೆಂಟು ಎಂದು ಎಷ್ಟೋ ಮನೆಗಳು ಊರು ಬಿಟ್ಟು ಅಲ್ಲಿಗೆ ಬಂದವು. ಪಿ.ಎಫ್. ಚೀಟಿ, ಹಾಜರಿ ಕಾರ್ಡು, ಹಳೆಯ ರೇಷನ್ ಕಾರ್ಡು, ಎಲ್ಲವೂ ದಾಖಲೆಯೇ. ಹುಟ್ಟಿದ ತಾರೀಖು ಜೂನ್ 1 ಎಂದಿದ್ದರೆ ಮಾತ್ರ ಪೂರ್ತಿ ನಂಬಬೇಡಿ. ಅದು ಬಹಳ ಸಲ ಮಾಸ್ತರರು ಅಂದಾಜಿಗೆ ಬರೆದದ್ದು.

ಈಗ ಲೈಬ್ರರಿಗೆ ಹೋಗೋಣ. ತಾಲೂಕಿನಲ್ಲಿ ಸಿಗದಿದ್ದರೆ ಕಲಬುರಗಿಯ ಜಿಲ್ಲಾ ಕೇಂದ್ರ ಗ್ರಂಥಾಲಯ, ಅಲ್ಲೂ ಸಿಗದಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯ. ಮೂರು ಪುಸ್ತಕ ಕೇಳಿ. ಒಂದು, 1966ರ ಗುಲ್ಬರ್ಗಾ ಜಿಲ್ಲಾ ಗೆಜೆಟಿಯರ್. ಎರಡು, ಜಿಲ್ಲೆಯ ಜನಗಣತಿ ಕೈಪಿಡಿ. ಅದರಲ್ಲಿ ಹಳ್ಳಿವಾರು ನಮ್ಮ ತಲೆ ಎಣಿಕೆ ಅದ, ಹೆಸರು ಇಲ್ಲ. ಮೂರು, ಸಯ್ಯದ್ ಸಿರಾಜ್ ಉಲ್ ಹಸನ್ ನಿಜಾಮ ಸಂಸ್ಥಾನದ ಜಾತಿಗಳ ಬಗ್ಗೆ 1920ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥ. ಇದನ್ನು ಎಚ್ಚರದಿಂದ ಓದಿ. ಬೇರೆಯವರು ನಮ್ಮನ್ನು ಅಳೆದ ಪುಸ್ತಕ ಅದು. ಹೈದರಾಬಾದ್ ಸಂಸ್ಥಾನದ 1931ರ ಜನಗಣತಿಯಲ್ಲಿ ‘ಆದಿ ಹಿಂದೂ’ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ. ಅದು ನಮ್ಮವರ ಹೆಸರೇ. ಭಾಗ್ಯರೆಡ್ಡಿ ವರ್ಮಾ ಮತ್ತು ಅವರ ಸಂಗಾತಿಗಳು ಹೋರಾಡಿ ಬರೆಸಿದ್ದು.

ವ್ಯಕ್ತಿಯ ಹೆಸರು ಸಿಗೋದು ಭೂಮಿಯ ಕಾಗದದಲ್ಲಿ. ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು ಹಳೆಯ ಪಹಣಿ, ಇನಾಮು ರಿಜಿಸ್ಟರಿನ ನಕಲು ಕೇಳಿ. ಕಾಳಗಿ, ಶಹಾಬಾದ ಈಚೆಗೆ ಆದ ತಾಲೂಕುಗಳು. ಹಳೆಯ ಕಟ್ಟು ಚಿತ್ತಾಪುರದಲ್ಲೋ ಚಿಂಚೋಳಿಯಲ್ಲೋ ಇರಬಹುದು. ‘ಇಲ್ಲ ಹೋಗು’ ಎಂದರೆ ‘ಬರೆದು ಕೊಡ್ರಿ ಸಾಹೇಬ್ರ’ ಅನ್ನಿ. 2005ರ ಮಾಹಿತಿ ಹಕ್ಕು ಕಾಯ್ದೆ ಇರುವುದು ಅದಕ್ಕೇ.

ನಿಜಾಮನ ಕಾಲದ ಕಾಗದ ಉರ್ದುವಿನಲ್ಲಿ ಇರ್ತದ. ಉರ್ದು ಬಲ್ಲ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ, ಕೇಳಲು ಸಂಕೋಚ ಬೇಡ. ‘ವಲ್ದ್’ ಎಂದರೆ ಮಗ, ‘ಕೌಮ್’ ಎಂದರೆ ಜಾತಿ, ‘ಸಾಕಿನ್’ ಎಂದರೆ ಇಂಥ ಊರಿನವ. ವರ್ಷ ಫಸಲಿಯಲ್ಲಿ ಇರ್ತದ, 590 ಕೂಡಿಸಿರಿ. 1358 ಫಸಲಿ ಎಂದರೆ 1948–49.

ಅಲ್ಲಿ ಹೆಸರು ಹೇಗಿರ್ತದ ಗೊತ್ತೇನು? ‘ಭೀಮ್ಯಾ ವಲ್ದ್ ಮಲ್ಯಾ.’ ಗೌಡನಿಗೆ ‘ಅಪ್ಪ’, ನಮ್ಮ ಮುತ್ಯಾನಿಗೆ ‘ಯಾ’. ನಕಲು ಮಾಡುವಾಗ ಇದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ, ಅದು ಸಾಕ್ಷಿ. ಪಕ್ಕದಲ್ಲಿ ನಿಮ್ಮ ಕೈಯಿಂದ ‘ಭೀಮಪ್ಪ, ಮಲ್ಲಪ್ಪನ ಮಗ’ ಎಂದು ಬರೆಯಿರಿ, ಅದು ನ್ಯಾಯ.

ಇದೆಲ್ಲ ಬರೀ ಅಭಿಮಾನದ ಮಾತಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಎಷ್ಟೋ ಭೂಮಿ ಮದುವೆ ಸಾಲಕ್ಕೆ, ಹೆದರಿಕೆಗೆ, ಹೆಬ್ಬೆಟ್ಟಿಗೆ ಕೈಬಿಟ್ಟಿದೆ. ಅದನ್ನು ಮರಳಿ ಕೊಡಿಸಲು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ತಡವಾಯಿತೆಂಬ ಕಾರಣಕ್ಕೆ ಕೇಸುಗಳು ಬಿದ್ದು ಹೋಗುತ್ತಿದ್ದವು. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಆಯಿತು. ಆದರೆ ಉಪವಿಭಾಗಾಧಿಕಾರಿಯ ಮುಂದೆ ಎರಡು ಮಾತು ತೋರಿಸಬೇಕು: ಭೂಮಿ ಮಂಜೂರಾದದ್ದು ಯಾರಿಗೆ, ನೀವು ಅವರಿಗೆ ಏನಾಗಬೇಕು. ಎರಡನೆಯದೇ ನಿಮ್ಮ ಮನೆತನದ ಚರಿತ್ರೆ. ಒಂದು ಎಚ್ಚರ: ಊರ ಚಾಕರಿಗೆಂದು ವಂಶಪಾರಂಪರ್ಯವಾಗಿ ಬಂದ ಭೂಮಿ ಈ ಕಾಯ್ದೆಯೊಳಗೆ ಬರುವುದಿಲ್ಲ. ಆದ್ದರಿಂದ ಭೂಮಿ ಯಾವ ಬಗೆಯದು ಎಂದು ಮೊದಲು ಕಾಗದದಲ್ಲಿ ನೋಡಿ, ಆಮೇಲೆ ವಕೀಲರ ಹತ್ತಿರ ಹೋಗಿ.

ಮುಂದಿನ ರಜೆಗೆ ಒಬ್ಬೊಬ್ಬರೂ ಒಂದು ನೋಟುಬುಕ್ಕು ಒಯ್ಯಿರಿ. ಮೂರು ತಲೆಮಾರು, ತಾಯಿಯ ಕಡೆ, ತಂದೆಯ ಕಡೆ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಿರಿ. ಲೈಬ್ರರಿ ಮುಂದಿನ ತಿಂಗಳೂ ತೆರೆದಿರ್ತದ. ಆಯಿ ಇರ್ತಾಳೆಂದು ಹೇಳಲಾಗದು. ಮೊದಲು ಆಕೆಯ ಹತ್ತಿರ ಹೋಗಿ.

ಜೈ ಭೀಮ್.