ಕುರ್ವೆಯಲ್ಲಿ ಏಳು ಮಳೆಗಾಲ



ನಮ್ಮೂರಿನವರ ಮುಂದೆ ನಿಂತು ಮಳೆಯ ಬಗ್ಗೆ ಮಾತಾಡುವುದು ಮುಜುಗರದ ಕೆಲಸ. ಚಳ್ಳಕೆರೆ ಸೀಮೆಯ ನಾವು ಚಿಕ್ಕಂದಿನಲ್ಲಿ ಮಳೆರಾಯನನ್ನು ತಲೆಯ ಮೇಲೆ ಹೊತ್ತು ತಿರುಗಿದವರು. ಮಣ್ಣಿನ ಆ ಪುಟ್ಟ ಮೂರ್ತಿಯನ್ನು ಹಲಗೆಯ ಮೇಲಿಟ್ಟುಕೊಂಡು ಮನೆ ಮುಂದೆ ನಿಂತರೆ ಹೆಂಗಸರು ಬಿಂದಿಗೆಯಲ್ಲಿ ನೀರು ತಂದು ಸುರಿಯುತ್ತಿದ್ದರು. ಕೆಲವು ವರ್ಷ ನಾವು ತೊಯ್ದದ್ದು ಆ ಬಿಂದಿಗೆ ನೀರಿನಲ್ಲಿ ಮಾತ್ರ. ಇಂಥ ಊರಿನ ನನ್ನನ್ನು 1995ರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಒಂದು ಕುರ್ವೆಗೆ ಹಾಕಿದರು. ಕುರ್ವೆ ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಶಿರಸಿಯ ಕಡೆ ಹುಟ್ಟುವ ಅಘನಾಶಿನಿ ತದಡಿಯ ಬಳಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಆ ಹರವಿನಲ್ಲಿ ಇಂಥ ಕುರ್ವೆಗಳಿವೆ. ನಾನಿದ್ದ ಕುರ್ವೆಯ ಹೆಸರು ಇಲ್ಲಿ ಬೇಡ.  

ಚಳ್ಳಕೆರೆಯಲ್ಲಿ ವರ್ಷವಿಡೀ ಬಿದ್ದರೂ 500 ಮಿಲಿಮೀಟರಿನ ಆಚೀಚೆ. ಕುಮಟಾ ಕಡೆ ಅದು 3,000 ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಂದರೆ ನನ್ನ ಊರು ಆರು ವರ್ಷದಲ್ಲಿ ಕಾಣುವ ಮಳೆಯನ್ನು ನಾಲ್ಕು ತಿಂಗಳಲ್ಲಿ ಕಾಣಲು ನಾನು, ನನ್ನ ಹೆಂಡತಿ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ ಹೊರಟೆವು. ಸಾಮಾನಿನ ಲಾರಿ ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗಲೇ ಮಳೆ ಹಿಡಿಯಿತು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ, ಮಾರ್ಗ ಪೂರ್ತಿ ತೆರೆದದ್ದು 1998ರಲ್ಲಿ. ಲಾರಿ ಹೊಳೆದಂಡೆಯವರೆಗೆ ಮಾತ್ರ. ಅಲ್ಲಿಂದ ದೋಣಿ.

ಹೆಂಡತಿ ತವರಿನ ಬೀಸುಕಲ್ಲನ್ನು ಬಿಟ್ಟು ಬರಲು ಒಪ್ಪಿರಲಿಲ್ಲ. ಜೊತೆಗೆ ಎರಡು ಮೂಟೆ ರಾಗಿ, ಒಂದು ಚೀಲ ಕಡಲೆಕಾಯಿ, ನಾಲ್ಕು ಕರಿ ಕಂಬಳಿ. ದೋಣಿಯ ಅಜ್ಜ ಬೀಸುಕಲ್ಲನ್ನು ನೋಡಿದರು, ನಮ್ಮನ್ನು ನೋಡಿದರು. "ಕಲ್ಲು ನಡುವೆ ಇಡ್ರಿ ಮಾಸ್ತರ್ರೇ, ನೀವು ಆಚೀಚೆ ಕೂತ್ಕಳಿ" ಅಂದರು. ಒಂದು ಕಲ್ಲನ್ನು ನಡುವೆ ಇಟ್ಟುಕೊಂಡು ನಾಲ್ಕು ಜನ ಉಸಿರು ಬಿಗಿಹಿಡಿದು ಕೂತ ಆ ಹತ್ತು ನಿಮಿಷ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಈಜು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಮೊದಲ ತಿಂಗಳು ನಾವು ಕಲಿತದ್ದು ಮುಗ್ಗಲು ಎಂಬ ಪದದ ಅರ್ಥ. ರಾಗಿ ಹಿಟ್ಟು ಹತ್ತು ದಿನಕ್ಕೆ ಹಸಿರಾಯಿತು. ಚಪ್ಪಲಿಯ ಮೇಲೆ ಬಿಳಿ ಬೂಷ್ಟು, ಪೆಟ್ಟಿಗೆಯಲ್ಲಿದ್ದ ಮದುವೆಯ ರೇಷ್ಮೆ ಸೀರೆಯ ಮೇಲೆ ಕರಿ ಚುಕ್ಕಿ. ಶಾಲೆಯ ಹಾಜರಿ ಪುಸ್ತಕದ ಹಾಳೆಗಳು ಹಪ್ಪಳದಂತೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಬೆಂಕಿಕಡ್ಡಿ ಗೀರಿದರೆ ಮದ್ದು ಮಾತ್ರ ಉದುರುತ್ತಿತ್ತು. ಎಲ್ಲಕ್ಕಿಂತ ಸೋಜಿಗ ಉಪ್ಪಿನದು. ಆಚೆ ದಂಡೆಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರಗಳಿವೆ. ಪಕ್ಕದ ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತೆಂದು ನಾನೇ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅಂಥ ಉಪ್ಪಿನ ಸೀಮೆಯಲ್ಲಿ ನಮ್ಮ ಮನೆಯ ಉಪ್ಪು ಡಬ್ಬಿಯಲ್ಲೇ ಕರಗಿ ನೀರಾಗುತ್ತಿತ್ತು. ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿ ನಕ್ಕರು. ಮಣ್ಣಿನ ಗಡಿಗೆಯಲ್ಲಿ ಹಾಕಿ ಒಲೆಯ ಮಗ್ಗುಲಲ್ಲಿಡಿ ಎಂದರು. ಬಟ್ಟೆಗೂ ಅದೇ ಮದ್ದು. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದು. ನಾಲ್ಕು ತಿಂಗಳು ನಮ್ಮ ಮೈಯಿಂದ ಹೊಗೆ ವಾಸನೆ ಬರುತ್ತಿತ್ತು. ಊರಿಗೆಲ್ಲ ಬರುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕಂಬಳಿಯ ವಿಷಯ ಹೇಳಲೇಬೇಕು. ಚಳ್ಳಕೆರೆಯ ಕಂಬಳಿ ನಮಗೆ ಹಾಸಲು, ಹೊದೆಯಲು. ಅಲ್ಲಿ ಗದ್ದೆಗೆ ಹೋಗುವವರು ಅದನ್ನೇ ತಲೆಯ ಮೇಲೆ ಕೊಪ್ಪೆ ಮಾಡಿ ಹಾಕಿಕೊಂಡು ಸುರಿಯುವ ಮಳೆಯಲ್ಲಿ ದಿನವಿಡೀ ನಾಟಿ ಮಾಡುತ್ತಿದ್ದರು. ಮಳೆ ಕಾಣದ ಊರಿನಲ್ಲಿ ನೇಯ್ದ ಬಟ್ಟೆ ಮಳೆಯ ಊರಿನ ಬೆನ್ನು ಕಾಯುತ್ತದೆ. ನಮ್ಮ ಕರಿ ಕಂಬಳಿಗಳನ್ನು ಅವರು ಮುಟ್ಟಿ ನೋಡಿ, ಮಡಿಕೆ ಬಿಡಿಸಿ, ನೂಲು ಎಳೆದು ಪರೀಕ್ಷೆ ಮಾಡಿದ ಪರಿಗೆ ನನ್ನ ಹೆಂಡತಿಗೆ ಮೊದಲ ಬಾರಿ ಹೆಮ್ಮೆಯಾಯಿತು. ಅದಕ್ಕೆ ಮುಂಚೆ ಅವಳಿಗೆ ಆ ಜನ ಬಿಗುಮಾನದವರು ಅನ್ನಿಸಿತ್ತು. ಕಾರಣ ಒಂದು ಪದ. ಇವಳು ಮಾಡಿದ ಹುರುಳಿ ಬಸ್ಸಾರನ್ನು ಪಕ್ಕದ ಮನೆಗೆ ಕಳಿಸಿದ್ದಳು. ಹೇಗಿತ್ತು ಎಂದು ಕೇಳಿದರೆ "ಅಡ್ಡಿಲ್ಲ" ಎಂದರು. ಇವಳು ಮುಖ ಊದಿಸಿಕೊಂಡು ಬಂದಳು. ಆ ಸೀಮೆಯಲ್ಲಿ ಅಡ್ಡಿಲ್ಲ ಎಂದರೆ ಹೊಗಳಿಕೆ, ಅದರ ಮೇಲೆ ಇನ್ನೊಂದು ಹೊಗಳಿಕೆ ಇಲ್ಲ ಎಂದು ತಿಳಿಯಲು ಒಂದು ವರ್ಷ ಬೇಕಾಯಿತು.

ನನ್ನ ಪೆಟ್ಟು ಶಾಲೆಯಲ್ಲಿ ಬಿತ್ತು. ಮಳೆ ಕಡಿಮೆಯಾಗಿ ನವೆಂಬರ್ ಬಂದ ಮೇಲೆ ಹಾಜರಿ ಸರಿಯಾಗಬೇಕಿತ್ತಲ್ಲ, ಆಗಲಿಲ್ಲ. ಮೂರು ದಿನ ತುಂಬಿದ ತರಗತಿ, ಆಮೇಲೆ ಮೂರು ದಿನ ಅರ್ಧ ಖಾಲಿ. ನಾನು ಮಕ್ಕಳನ್ನು ಬೈದೆ, ತಂದೆತಾಯಿಗೆ ಹೇಳಿಕಳಿಸಿದೆ. ಒಂದು ಬೆಳಿಗ್ಗೆ ಹೊಳೆದಂಡೆಗೆ ಹೋಗಿ ನೋಡಿದರೆ ನನ್ನ ನಾಲ್ಕನೇ ತರಗತಿ ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ನಿಂತಿತ್ತು. ಇಳಿತದಲ್ಲಿ ನೀರು ಸರಿದು ಕೆಸರು ತೆರೆದುಕೊಂಡಾಗ ಹೆಂಗಸರು, ಮಕ್ಕಳು ಬಳಚು ಹೆಕ್ಕುತ್ತಾರೆ. ಬಳಚು ಎಂದರೆ ಚಿಪ್ಪಿನೊಳಗಿನ ಮೃದ್ವಂಗಿ. ಅದರ ಮಾಂಸ ಊಟಕ್ಕೆ, ಚಿಪ್ಪು ಸುಣ್ಣಕ್ಕೆ. ಭರತ ಎಂದರೆ ಉಬ್ಬರ. ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಳಿತ ಶಾಲೆಯ ಗಂಟೆಯ ಹೊತ್ತಿಗೆ ಬಿದ್ದ ದಿನ ನನ್ನ ತರಗತಿ ಖಾಲಿ. ಊರಿನ ಯಾವ ಮುದುಕಿಯನ್ನು ಕೇಳಿದರೂ ಇವತ್ತು ತಿಥಿ ಯಾವುದು, ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಗಡಿಯಾರ ನೋಡದೆ ಹೇಳುತ್ತಿದ್ದರು. ನಾನು ಪಂಚಾಂಗ ತಂದು ಗೋಡೆಗೆ ಹಾಕಿದೆ. ಇಳಿತದ ದಿನಗಳಲ್ಲಿ ಹಳೆಯ ಪಾಠ, ಉಳಿದ ದಿನ ಹೊಸ ಪಾಠ. ಇಲಾಖೆಯ ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಈ ವ್ಯವಸ್ಥೆಯನ್ನು ತಪಾಸಣೆಗೆ ಬಂದವರಿಂದ ಬಚ್ಚಿಟ್ಟೆ ಎಂದು ಈಗ, ನಿವೃತ್ತಿಯಾದ ಮೇಲೆ, ಧೈರ್ಯವಾಗಿ ಹೇಳುತ್ತೇನೆ. ತಪಾಸಣೆಗೆ ಬರುವವರೂ ದೋಣಿ ಹತ್ತಬೇಕಿತ್ತಾದ್ದರಿಂದ ಅಪರೂಪಕ್ಕೆ ಬರುತ್ತಿದ್ದರು.

ಏಪ್ರಿಲ್ ಬಂತು. ಬಾವಿಯ ನೀರು ಉಪ್ಪಾಯಿತು. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಕುಡಿಯುವ ನೀರನ್ನು ಆಚೆ ದಂಡೆಯಿಂದ ದೋಣಿಯಲ್ಲಿ ತರಬೇಕಾಯಿತು. ನನ್ನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೊಡಗಳನ್ನು ಸಾಲಾಗಿಟ್ಟಳು. ಒಂದು ಕೊಡ ನೀರಿನಲ್ಲಿ ಮುಖ ತೊಳೆದು, ಅದೇ ನೀರಿನಲ್ಲಿ ಪಾತ್ರೆ ಗಲಬರಿಸಿ, ಅದನ್ನೇ ಗಿಡಕ್ಕೆ ಹಾಕುವ ನಮ್ಮೂರಿನ ವಿದ್ಯೆಯನ್ನು ಕೇರಿಯ ಹೆಂಗಸರು ಬಂದು ನೋಡಿದರು. ಅವತ್ತು ಅವಳು ಅಲ್ಲಿ ಮೇಸ್ಟ್ರು.

ಆದರೆ ನಾವು ಆ ಊರಿನವರಾದದ್ದು ಎರಡನೆಯ ವರ್ಷದ ಜುಲೈನಲ್ಲಿ. ಮಗನಿಗೆ ಸಂಜೆ ಜ್ವರ ಬಂತು. ಕಷಾಯ ಕೊಟ್ಟೆವು. ಯಾರಿಗೆ ಯಾಕೆ ತೊಂದರೆ ಎಂದು ಸುಮ್ಮನಿದ್ದೆವು. ರಾತ್ರಿ ಹನ್ನೊಂದಕ್ಕೆ ಮೈ ಕೆಂಡವಾಗಿ, ಹುಡುಗ ಏನೇನೋ ಬಡಬಡಿಸತೊಡಗಿದ. ಓಡಿಹೋಗಿ ದೋಣಿಯ ಅಜ್ಜನನ್ನು ಎಬ್ಬಿಸಿದೆ. ಅವರು ದಂಡೆಗೆ ಬಂದು, ಕೈ ನೀರಿನಲ್ಲಿ ಅದ್ದಿ, ಕತ್ತಲೆಯನ್ನು ನೋಡುತ್ತ ನಿಂತರು. "ಈಗ ಆಗೂದಿಲ್ಲ ಮಾಸ್ತರ್ರೇ" ಅಂದರು. ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಘಟ್ಟದ ಮೇಲೆ ಸುರಿದದ್ದೆಲ್ಲ ನೇರ ಕೆಳಗೆ ಬರುತ್ತದೆ. ಅದರ ಜೊತೆ ಇಳಿತವೂ ಸೇರಿದರೆ ದೋಣಿಯನ್ನು ಅಳಿವೆಯ ಕಡೆ, ಅಂದರೆ ಸಮುದ್ರದ ಬಾಯಿಗೆ, ಎಳೆದುಕೊಂಡು ಹೋಗುತ್ತದೆ. ಭರತ ಏರತೊಡಗಿದರೆ ಹೊಳೆಯ ಸೆಳೆತ ತಗ್ಗುತ್ತದೆ. ಅಲ್ಲಿಯವರೆಗೆ ಕಾಯಬೇಕು. ಎರಡೂವರೆ ಗಂಟೆ ಕಾದೆವು. ಆ ಹೊತ್ತಿನಲ್ಲಿ ನಮ್ಮ ಜಗಲಿಯ ಮೇಲೆ ಹನ್ನೆರಡು ಜನ ಕೂತಿದ್ದರು. ಯಾರೂ ಸಮಾಧಾನದ ಮಾತಾಡಲಿಲ್ಲ. ಒಬ್ಬರು ಒದ್ದೆ ಬಟ್ಟೆ ಹಿಂಡಿ ಹಿಂಡಿ ಹುಡುಗನ ಹಣೆಗೆ ಹಾಕುತ್ತಿದ್ದರು. ಇಬ್ಬರು ಆಗಾಗ ಎದ್ದು ಲಾಟೀನು ಹಿಡಿದು ನೀರು ನೋಡಿ ಬರುತ್ತಿದ್ದರು. ಎರಡು ಗಂಟೆ ಹೊತ್ತಿಗೆ ದೋಣಿ ಬಿಟ್ಟೆವು. ಬೆಳಗಿನ ಜಾವ ಕುಮಟಾದಲ್ಲಿ ಇಂಜೆಕ್ಷನ್ ಬಿತ್ತು. ಹುಡುಗ ಉಳಿದ.

ಮೂರನೆಯ ದಿನ ಊರಿಗೆ ಮರಳಿದಾಗ ಪಕ್ಕದ ಮನೆಯ ಅಜ್ಜಿ ನನ್ನ ಹೆಂಡತಿಯನ್ನು ಅಂಗಳದಲ್ಲೇ ತಡೆದು ಬೈದರು. ನಾನು ಹಾಗೆ ಬೈಸಿಕೊಂಡದ್ದಿಲ್ಲ. "ಸಂಜೆಗೇ ಹೇಳೂಕೆ ಎಂತಾಗಿತ್ತು ತಂಗಿ? ಸಂಜೆ ಭರತ ಇತ್ತು." ಅಷ್ಟೇ ಮಾತು. ಕಷ್ಟವನ್ನು ಮನೆಯೊಳಗೇ ಇಟ್ಟುಕೊಳ್ಳುವುದು ಮರ್ಯಾದೆ ಎಂದು ಬೆಳೆದವರು ನಾವು. ಆ ಕುರ್ವೆಯಲ್ಲಿ ಅದು ತಪ್ಪು. ಸಹಾಯಕ್ಕೂ ಅಲ್ಲಿ ಒಂದು ಹೊತ್ತಿದೆ, ಹೊತ್ತು ಮೀರಿ ಕೇಳಿದರೆ ಹನ್ನೆರಡು ಜನರನ್ನು ರಾತ್ರಿಯಿಡೀ ಕೂರಿಸಿದ ಹಾಗೆ. ಅಂದಿನಿಂದ ಹೆಂಡತಿ ಸೌದೆ ಮುಗಿಯುತ್ತ ಬಂದಿದೆ ಎನ್ನುವುದನ್ನೂ ನಾಲ್ಕು ದಿನ ಮೊದಲೇ ಬೇಲಿಯಾಚೆ ಕೂಗಿ ಹೇಳತೊಡಗಿದಳು. ಸೌದೆ ಎನ್ನಲಿಲ್ಲ, ಕಟ್ಟಿಗೆ ಎಂದಳು.

ನಾವು ಹೊರಗಿನಿಂದ ಅಲ್ಲಿಗೆ ಬಂದವರು, ಆ ಕರಾವಳಿಯಲ್ಲಿ ಜನ ಓಡಾಡಿದ ದಿಕ್ಕು ಬೇರೆ. ಕತೆಗಾರ ಯಶವಂತ ಚಿತ್ತಾಲರು ಅಲ್ಲೇ ಹತ್ತಿರದ ಹನೇಹಳ್ಳಿಯಿಂದ ಮುಂಬಯಿಗೆ ಹೋದವರು, ಗೋಕರ್ಣದ ಕತೆಗಾರ ಜಯಂತ ಕಾಯ್ಕಿಣಿಯವರೂ ಮುಂಬಯಿಯಲ್ಲಿ ವರ್ಷಗಟ್ಟಲೆ ಇದ್ದವರು. ಆ ಸೀಮೆಯ ಮನೆಮನೆಯಲ್ಲಿ ಒಬ್ಬ ಮಗ ಮುಂಬಯಿಯಲ್ಲೋ ಗೋವೆಯಲ್ಲೋ ಇರುತ್ತಿದ್ದ. ಹೊರಗಿನಿಂದ ಸಂಸಾರ ಕಟ್ಟಿಕೊಂಡು ಬರುವವರು ಅಪರೂಪ, ಬಂದವರೂ ವರ್ಗಾವಣೆಯ ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಿದ್ದರು. ನನ್ನ ಜೇಬಿನಲ್ಲೂ ಇತ್ತು. 2002ರಲ್ಲಿ ಅದು ಮಂಜೂರಾದಾಗ ಮಗಳು ಎರಡು ದಿನ ಊಟ ಬಿಟ್ಟಳು.

ಈಗ ಕಥೆ ಬೇರೆ. ರೈಲಿದೆ, ಅಗಲವಾದ ಹೆದ್ದಾರಿಯಿದೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಂಗಳೂರಿನಲ್ಲಿರುವ ನಮ್ಮೂರ ಮಕ್ಕಳು ಮನೆಯಿಂದಲೇ ಕೆಲಸ ಎಂದು ಅಲ್ಲಿ ಮನೆ ಹುಡುಕುತ್ತಾರೆ. ಡಿಸೆಂಬರಿನಲ್ಲಿ ಹೋಗಿ, ತೆಂಗಿನ ನೆರಳು, ತಿಳಿ ನೀರು ನೋಡಿ ಮುಂಗಡ ಕೊಟ್ಟು ಬರುತ್ತಾರೆ. ಜೂನ್ ಬಂದರೆ ಬೀಗ ಹಾಕಿ ವಾಪಸ್. ಅಂಥವರು ಹತ್ತು ವರ್ಷ ಇದ್ದರೂ ಆ ಊರಿಗೆ ನೆಂಟರೇ. ಇಲ್ಲಿ ಕೂತಿರುವವರ ಮಕ್ಕಳು ಯಾರಾದರೂ ಹೊರಟಿದ್ದರೆ ದಯವಿಟ್ಟು ಜುಲೈನಲ್ಲಿ ಹೋಗಿ ಮನೆ ನೋಡಲು ಹೇಳಿ. ಒಂದು ರಾತ್ರಿ ಅಲ್ಲೇ ಮಲಗಲಿ. ಪಕ್ಕದ ಮನೆಯವರು ಯಾರು, ದೋಣಿ ಯಾರದು, ಭರತ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಆಮೇಲೆ ಮುಂಗಡ ಕೊಡಲಿ. ಒಂದು ಒಳ್ಳೆಯ ಕಂಬಳಿಯನ್ನು ನಮ್ಮ ಸಂತೆಯಲ್ಲೇ ಕೊಂಡುಹೋಗಲಿ.

ಕೊನೆಗೆ ಬೀಸುಕಲ್ಲಿನ ಸಮಾಚಾರ. ಬರುವಾಗ ಅದನ್ನು ಮತ್ತೆ ದೋಣಿಗೆ ಹತ್ತಿಸಲು ಅಜ್ಜ ಸುತರಾಂ ಒಪ್ಪಲಿಲ್ಲ. ಅದು ಇನ್ನೂ ಅಜ್ಜಿಯ ಮನೆಯ ಹಿತ್ತಲಲ್ಲಿದೆ. ರಾಗಿ ಬೀಸುವವರು ಅಲ್ಲಿ ಯಾರೂ ಇಲ್ಲ, ಅದರ ಮೇಲೆ ಬಂಗಡೆ ಹೆಚ್ಚುತ್ತಾರಂತೆ.