ಗೇಣು ನೆಲದ ಲೆಕ್ಕ

(ಸಂಸೆಯ ಮಸೀದಿಯಲ್ಲಿ ಜುಮುಅ ದಿನ ನೀಡಿದ ಉಪದೇಶದ ಸಾರಾಂಶ)

 



ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಸಮಯ ಇದು. ಗಲ್ಫ್‌ನಲ್ಲಿ ದುಡಿಯುವ ಮಕ್ಕಳು ರಜೆಗೆ ಬಂದಿದ್ದಾರೆ. ಸಂಸೆ, ಕಳಸ, ಬಾಳೆಹೊಳೆ ಕಡೆ ಎಲ್ಲಿ ಹೋದರೂ ಒಂದೇ ಮಾತು: ಎಲ್ಲಾದರೂ ಒಂದು ಹಳೆಯ ಹಂಚಿನ ಮನೆ, ಸುತ್ತ ಹತ್ತು ಗುಂಟೆ ಜಾಗ ಸಿಕ್ಕೀತೇ? ಲೈನ್ ಮನೆಯಲ್ಲಿ, ಬಾಡಿಗೆ ಮನೆಯಲ್ಲಿ ಬದುಕು ಸವೆಸಿದವರಿಗೆ ಸ್ವಂತ ಸೂರಿನ ಆಸೆ ದೊಡ್ಡದು. ಅದು ತಪ್ಪಲ್ಲ. ವಿಶಾಲವಾದ ಮನೆಯನ್ನೂ ಒಳ್ಳೆಯ ನೆರೆಯವರನ್ನೂ ಮನುಷ್ಯನ ಸೌಭಾಗ್ಯಗಳಲ್ಲಿ ಎಣಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಈ ಎರಡೂ ಸೌಭಾಗ್ಯಗಳನ್ನು ಒಂದೇ ಏಟಿಗೆ ಕಳೆದುಕೊಳ್ಳುವ ದಾರಿಯೂ ಒಂದಿದೆ. ಅಳೆಸದೆ, ವಿಚಾರಿಸದೆ ಮನೆ ಕೊಳ್ಳುವುದೇ ಆ ದಾರಿ. ಇಂದು ಅದರ ಬಗ್ಗೆ ಮಾತನಾಡೋಣ.

ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಈ ಕಡೆಯ ಸಹೋದರರೊಬ್ಬರು ಒಂದು ಮನೆ ಕೊಂಡರು. ಹನ್ನೆರಡು ವರ್ಷ ಪರದೇಶದಲ್ಲಿ ಬೆವರು ಸುರಿಸಿ ಕೂಡಿಟ್ಟ ಹಣ. ಮಾರಿದವರೂ ಒಳ್ಳೆಯವರೇ. ಅವರು ಅಂಗಳದಲ್ಲಿ ನಿಂತು, "ಆ ಹಲಸಿನ ಮರದಿಂದ ಕೆಳಗಿನ ತೋಡಿನವರೆಗೂ ನಮ್ಮದೇ, ನಮ್ಮ ತಂದೆಯ ಕಾಲದಿಂದಲೂ ಹೀಗೇ" ಎಂದರು. ಯಾರೋ ಹೆಜ್ಜೆ ಹಾಕಿ ಎಣಿಸಿದರು. ಎಲ್ಲರೂ ತಲೆಯಾಡಿಸಿದೆವು. ಕರಾರು ಪತ್ರಕ್ಕೆ ಸಾಕ್ಷಿ ಸಹಿ ಹಾಕಿದವರಲ್ಲಿ ನಾವೂ ಒಬ್ಬರು. ಗೃಹಪ್ರವೇಶದ ದಿನ ದುಆ ಮಾಡಿ, ಬಿರಿಯಾನಿ ಉಂಡು ಬಂದವರೂ ನಾವೇ. ಹದ್ದುಬಸ್ತು ಆಗಿದೆಯೇ, ನಕ್ಷೆ ಇದೆಯೇ ಎಂದು ಒಂದು ಮಾತು ಕೇಳಲಿಲ್ಲ.

ಎರಡು ವರ್ಷವಾದ ಮೇಲೆ ನೆರೆಮನೆಯ ಗೌಡರ ಕುಟುಂಬದಲ್ಲಿ ಪಾಲಾಯಿತು. ಅವರು ಸರ್ವೆಗೆ ಅರ್ಜಿ ಕೊಟ್ಟರು. ಭೂಮಾಪಕರು ಬಂದು ಅಳೆದು ಕಲ್ಲು ಗುರುತಿಸಿದಾಗ, ಗಡಿ ಗೆರೆ ಹಲಸಿನ ಮರದ ಬಳಿ ಹೋಗಲೇ ಇಲ್ಲ. ಅದು ನಮ್ಮ ಸಹೋದರರ ಅಡುಗೆಮನೆಯ ನಡುವೆ ಹಾದುಹೋಯಿತು. ಒಲೆ ಈಚೆ, ನೀರಿನ ಕಟ್ಟೆ ಆಚೆ. ಬಾವಿಯೂ ಆಚೆ.

ಅಂದು ಸಂಜೆ ಮಗ್ರಿಬ್ ಮುಗಿಸಿ ಅವರು ನಮ್ಮ ಬಳಿ ಕೂತರು. "ಉಸ್ತಾದರೇ, ನಾನು ಕಳ್ಳತನ ಮಾಡಿಲ್ಲ. ಪೂರ್ತಿ ಹಣ ಕೊಟ್ಟಿದ್ದೇನೆ. ಈಗ ಆ ಅಡುಗೆಮನೆ ನನ್ನದೋ ಅವರದೋ?" ಎಂದು ಕೇಳಿದರು. ನಮಗೆ ಉತ್ತರ ಗೊತ್ತಿತ್ತು, ಹೇಳಲು ನಾಲಿಗೆ ಏಳಲಿಲ್ಲ. ಮಾರಿದವನಿಗೆ ಸೇರದ ವಸ್ತು ಎಷ್ಟೇ ಹಣ ಕೊಟ್ಟರೂ ಕೊಂಡವನಿಗೆ ಸೇರುವುದಿಲ್ಲ. ಶರೀಅತ್ತಿನಲ್ಲೂ ಅಷ್ಟೇ, ದೇಶದ ಕಾನೂನಿನಲ್ಲೂ ಅಷ್ಟೇ. ಗೊತ್ತಿಲ್ಲದೆ ಕೊಂಡದ್ದು ಪಾಪವಾಗದಿರಬಹುದು. ಗೊತ್ತಾದ ಮೇಲೂ ಹಿಡಿದುಕೊಂಡರೆ ಅದು ಬೇರೆಯೇ ಲೆಕ್ಕ.

ಆ ಲೆಕ್ಕ ಎಷ್ಟು ಭಾರ ಎಂಬುದನ್ನು ಸಈದ್ ಬಿನ್ ಝೈದ್(ರ) ಅವರ ಪ್ರಸಂಗ ತಿಳಿಸುತ್ತದೆ. ಸ್ವರ್ಗದ ಶುಭವಾರ್ತೆ ಪಡೆದ ಹತ್ತು ಮಂದಿಯಲ್ಲಿ ಅವರೂ ಒಬ್ಬರು. ತಮ್ಮ ಜಾಗ ಕಬಳಿಸಿದ್ದಾರೆಂದು ಅರ್ವಾ ಎಂಬ ಮಹಿಳೆ ಅವರ ಮೇಲೆ ಮದೀನಾದ ಅಧಿಕಾರಿ ಮರ್ವಾನ್‌ರಿಗೆ ದೂರು ಕೊಟ್ಟರು. ಗೇಣು ನೆಲವನ್ನು ಅನ್ಯಾಯವಾಗಿ ಪಡೆದವನ ಕೊರಳಿಗೆ ಕಿಯಾಮತ್ ದಿನ ಏಳು ಭೂಮಿಗಳ ಭಾರ ಬೀಳುತ್ತದೆಂದು ಪ್ರವಾದಿ(ಸ)ಯವರ ಬಾಯಿಂದಲೇ ಕೇಳಿದ ಮೇಲೆ ತಾನು ಹೇಗೆ ತಾನೇ ಅಂಥ ಕೆಲಸ ಮಾಡಿಯೇನು ಎಂಬುದೇ ಸಈದರ(ರ) ಉತ್ತರವಾಗಿತ್ತು. ವಾದಿಸಲು ಹೋಗದೆ ಆ ಜಾಗವನ್ನು ಅವಳಿಗೇ ಬಿಟ್ಟುಕೊಟ್ಟು, ತೀರ್ಪನ್ನು ಅಲ್ಲಾಹನಿಗೆ ಒಪ್ಪಿಸಿದರು. ಆಕೆ ಮುಂದೆ ಕಣ್ಣು ಕಳೆದುಕೊಂಡು, ಅದೇ ಜಾಗದ ಹೊಂಡಕ್ಕೆ ಬಿದ್ದು ತೀರಿಕೊಂಡ ವಿಷಯ ಸಹೀಹ್ ಮುಸ್ಲಿಮ್‌ನಲ್ಲಿದೆ. ಭೂಮಿಯ ಗಡಿಗುರುತು ಬದಲಿಸುವವನ ಮೇಲೆ ಅಲ್ಲಾಹನ ಶಾಪವಿದೆ ಎಂಬ ಅಲಿ(ರ) ಅವರ ವರದಿಯೂ ಅದೇ ಗ್ರಂಥದಲ್ಲಿದೆ.

ಗೇಣೆಂದರೆ ಎಷ್ಟು? ಚಾಚಿದ ಹೆಬ್ಬೆರಳಿನಿಂದ ಕಿರುಬೆರಳಿಗೆ. ನಾವು ಮಾತನಾಡುವುದು ಅಡಿಗಳ ಲೆಕ್ಕದಲ್ಲಿ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. 60 ಅಡಿ ಉದ್ದದ ಬೇಲಿ ಬರೀ 3 ಅಡಿ ಆಚೆ ಸರಿದರೆ 180 ಚದರ ಅಡಿ ಹೋಯಿತು, ಒಂದು ಕೋಣೆಯಷ್ಟು ಜಾಗ. ಹೆಜ್ಜೆ ಹಾಕಿ ಎಣಿಸುವ ಅಳತೆಯಲ್ಲಿ 3 ಅಡಿ ತಪ್ಪುವುದು ಎಷ್ಟು ಹೊತ್ತಿನ ಕೆಲಸ?

ಕೆಲವರು ಹೇಳುತ್ತಾರೆ: "ಎಲ್ಲಾ ಅಲ್ಲಾಹನ ಮೇಲೆ ಬಿಟ್ಟಿದ್ದೇವೆ, ಸರ್ವೆ ಗಿರ್ವೆ ಯಾಕೆ? ಮಾರುವವರಿಗೆ ಅವಿಶ್ವಾಸ ತೋರಿಸಿದ ಹಾಗಾಗುವುದಿಲ್ಲವೇ?" ಸಹೋದರರೇ, ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಲು ನಮಗೆ ಕಲಿಸಲಾಗಿದೆ. ಕುರ್‌ಆನಿನ ಅತ್ಯಂತ ದೀರ್ಘ ಆಯತ್ ಯಾವುದರ ಬಗ್ಗೆ? ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ ಸಾಲ ಮತ್ತು ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿ ನಿಲ್ಲಿಸುವ ಬಗ್ಗೆ. ವಿಶ್ವಾಸಿಗಳು ಪರಸ್ಪರ ನಂಬದವರೆಂದು ಈ ಆಜ್ಞೆ ಬಂದದ್ದಲ್ಲ. ಮನುಷ್ಯ ಮರೆಯುತ್ತಾನೆ, ಸಾಯುತ್ತಾನೆ. ಆಮೇಲೆ ಮಕ್ಕಳು ಜಗಳವಾಡುತ್ತಾರೆ.

ಅಳೆಸುವುದು ನಮ್ಮ ಪರಂಪರೆಗೆ ಹೊಸದೂ ಅಲ್ಲ. ಇರಾಕಿನ ಸವಾದ್ ಪ್ರದೇಶ ಕೈಗೆ ಬಂದಾಗ ಖಲೀಫಾ ಉಮರ್(ರ) ಅಂದಾಜಿನ ಮೇಲೆ ಕಂದಾಯ ಹಾಕಲಿಲ್ಲ. ಆ ಕೆಲಸ ಬಲ್ಲವರು ಯಾರೆಂದು ವಿಚಾರಿಸಿ, ಉಸ್ಮಾನ್ ಬಿನ್ ಹುನೈಫ್(ರ) ಅವರನ್ನು ಕಳಿಸಿ ನೆಲ ಅಳೆಸಿದರು. ಬೀಜಗಣಿತದ ಅಲ್‌ಖ್ವಾರಿಝ್ಮಿ ತಮ್ಮ ಹೆಸರಾಂತ ಗ್ರಂಥದಲ್ಲಿ ಕ್ಷೇತ್ರ ಅಳತೆಗೂ ವಾರಸು ಹಂಚಿಕೆಗೂ ಅಧ್ಯಾಯಗಳನ್ನು ಮೀಸಲಿಟ್ಟರು. ಬಲ್ಲವನಿಂದ ಅಳೆಸುವುದು ಅವಿಶ್ವಾಸವಲ್ಲ. ಅದು ಎರಡೂ ಕಡೆಯವರ ಮಾನ ಕಾಯುವ ಕೆಲಸ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ಕಾಗದ. ಪಹಣಿ ತಂದು ತೋರಿಸಿದ ಕೂಡಲೇ ಮುಂಗಡ ಕೊಡಬೇಡಿ. ಪಹಣಿ ಎಷ್ಟು ಜಾಗ ಎಂದು ಹೇಳುತ್ತದೆ, ಆ ಜಾಗ ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ಹೇಳುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಐದಾರು ಜನರ ಹೆಸರಿದ್ದು ಪೋಡಿಯೇ ಆಗದ ಜಾಗಗಳು ನಮ್ಮ ಕಡೆ ಧಾರಾಳ. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಪಂಚಾಯಿತಿ ಖಾತೆಯ ಮನೆಯಾದರೆ ಇ-ಸ್ವತ್ತು ನಮೂನೆಗಳನ್ನು ನೋಡಿ. ಋಣಭಾರ ಪತ್ರ ತೆಗೆಸಿ ಬ್ಯಾಂಕಿನ, ಸೊಸೈಟಿಯ ಸಾಲವಿದೆಯೇ ತಿಳಿಯಿರಿ. ನೋಂದಣಿ ಆಯಿತೆಂದ ಮಾತ್ರಕ್ಕೆ ಮಾರಿದವನೇ ಮಾಲೀಕ ಎಂದು ಸರಕಾರ ಖಾತರಿ ಕೊಟ್ಟಂತಲ್ಲ. ಅದನ್ನು ವಕೀಲರೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಳ್ಳುವ ಹೊಣೆ ಕೊಳ್ಳುವವನದು.

ಎರಡನೆಯದು, ಹದ್ದುಬಸ್ತು. ಮಾರುವವರಿಂದಲೇ ಅರ್ಜಿ ಕೊಡಿಸಿ. ಬೇಕಾದರೆ ಶುಲ್ಕ ನೀವು ಭರಿಸಿ. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟು, ಅವರ ಎದುರಿನಲ್ಲಿ ಅಳೆದು, ಗುರುತು ಹಾಕಿ ನಕ್ಷೆ ಕೊಡುತ್ತಾರೆ. ಮೊಬೈಲಿನ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ, ಅದು ಒಳ್ಳೆಯದೇ. ಆದರೆ ಅಡಿ ಲೆಕ್ಕದ ಗಡಿಗೆ ಅದನ್ನು ನಂಬಿ ಬೇಲಿ ಹಾಕಬೇಡಿ. ಅಳೆಯುವ ದಿನ ನೆರೆಯವರನ್ನು ಕರೆದು ಚಹಾ ಕೊಡಿ. ಮುಂದೆ ಜೀವಮಾನವಿಡೀ ಅವರ ಜೊತೆ ಬದುಕಬೇಕಾದವರು ನೀವು.

ಮೂರನೆಯದು, ಸರಕಾರದ ನೆಲ, ಬಡವರ ನೆಲ. ನಾವಿರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲಿ. ಮನೆ ಕಂದಾಯದ ಜಾಗದಲ್ಲಿದ್ದು ಹಿತ್ತಲು ಅರಣ್ಯದ ಗೆರೆಯೊಳಗೆ ಇರಬಹುದು. 94ಸಿ ಹಕ್ಕುಪತ್ರದ ಮನೆಯಾದರೆ ಅದರ ಷರತ್ತುಗಳನ್ನು ಓದಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ. ಎಷ್ಟು ವರ್ಷ ಕಳೆದರೂ ಅದನ್ನು ಮರಳಿ ಕೇಳಬಹುದೆಂದು 2023ರ ತಿದ್ದುಪಡಿ ಹೇಳುತ್ತದೆ. ಬಡವನ ಕಷ್ಟಕಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಬಿಳಿ ಕಾಗದದ ಮೇಲೆ ಬರೆಸಿಕೊಂಡ ನೆಲದಲ್ಲಿ ಬರ್ಕತ್ ಹುಡುಕಬೇಡಿ.

ನಾಲ್ಕನೆಯದು, ಮನೆ. ಬಣ್ಣ ನೋಡಿ ಮರುಳಾಗಬೇಡಿ. ಒಬ್ಬ ಇಂಜಿನಿಯರನ್ನೋ, ಅದೂ ಆಗದಿದ್ದರೆ ಪಳಗಿದ ಮೇಸ್ತ್ರಿಯನ್ನೂ ಬಡಗಿಯನ್ನೂ ಕೂಲಿ ಕೊಟ್ಟು ಕರೆದೊಯ್ಯಿರಿ. ಮಾಡಿನ ಮರಕ್ಕೆ ಗೆದ್ದಲು ಹಿಡಿದಿದೆಯೇ, ಮಣ್ಣಿನ ಗೋಡೆ ಬುಡದಲ್ಲಿ ತೇವ ಹೀರಿದೆಯೇ, ಬಿರುಕು ಹಳೆಯದೋ ಹೊಸದೋ ನೋಡಲಿ. ಮನೆಯ ಹಿಂದಿನ ಧರೆಯನ್ನು ತಪ್ಪದೆ ತೋರಿಸಿ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಜನ ಮನೆ ಕಳೆದುಕೊಂಡದ್ದನ್ನು ನಾವು ಮರೆತಿಲ್ಲ. ಬೇಸಿಗೆಯಲ್ಲಿ ನೋಡಿದ ಮನೆಯನ್ನು ಆಷಾಢದ ಮಳೆಯಲ್ಲೊಮ್ಮೆ ನೋಡಿ. ನೀರು ಎಲ್ಲಿಂದ ಬರುತ್ತದೆ, ಆ ಒರತೆ ಯಾರ ಜಾಗದಲ್ಲಿದೆ, ಪೈಪು ಯಾರ ತೋಟದ ಮೂಲಕ ಹಾದುಬಂದಿದೆ ಕೇಳಿ. ಮಯ್ಯಿತ್ ಹೊತ್ತು ತರಲು, ಹೆರಿಗೆಗೆ ಜೀಪು ಬರಲು ದಾರಿ ಇದೆಯೇ, ಅದು ಕಾಗದದಲ್ಲಿದೆಯೇ ಅಥವಾ ನೆರೆಯವರ ದಾಕ್ಷಿಣ್ಯದಲ್ಲಿದೆಯೇ? ದಾರಿಯ ಬಗ್ಗೆ ತಕರಾರು ಬಂದರೆ ಏಳು ಮೊಳ ಅಗಲ ಬಿಡಬೇಕೆಂದು ಪ್ರವಾದಿ(ಸ)ಯವರು ತೀರ್ಪಿತ್ತಿದ್ದಾರೆ. ದಾರಿಯ ವಿಷಯ ಅಷ್ಟು ಮುಖ್ಯ.

ಐದನೆಯದು, ನಮ್ಮ ಮಹಲ್ಲಿನವರು ಕಿವಿಗೊಟ್ಟು ಕೇಳಬೇಕಾದದ್ದು: ಹೆಣ್ಣುಮಕ್ಕಳ ಹಕ್ಕು. ತಂದೆ ತೀರಿಕೊಂಡ ಮನೆಯನ್ನು ಅಣ್ಣತಮ್ಮಂದಿರು ಮಾರುವಾಗ ಅಕ್ಕತಂಗಿಯರ ಸಹಿ ಎಲ್ಲಿ? ತಾಯಿಯ ಎಂಟನೇ ಒಂದು ಪಾಲು ಎಲ್ಲಿ? "ಮದುವೆಗೆ ಬಂಗಾರ ಕೊಟ್ಟಿದ್ದೇವಲ್ಲ" ಎಂಬುದು ಉತ್ತರವಲ್ಲ. ಆ ಪಾಲನ್ನು ಗೊತ್ತುಪಡಿಸಿದವನು ಅಲ್ಲಾಹನು. ವಂಶವೃಕ್ಷ ಕೇಳಿ, ಪ್ರತಿಯೊಬ್ಬ ವಾರಸುದಾರರನ್ನೂ ಕಂಡು ಮಾತನಾಡಿ. ಇನ್ನು ಪಾಲಾಗದ ಆಸ್ತಿಯಲ್ಲಿ ಪಾಲುದಾರನಿಗೆ ಮೊದಲು ಕೊಳ್ಳುವ ಶುಫ್‌ಅ ಹಕ್ಕಿದೆ. ಹನಫಿ ಮದ್‌ಹಬಿನಲ್ಲಿ ನೆರೆಯವನಿಗೂ ಇದೆ. ಅವರನ್ನು ಕೇಳಿ ಮುಂದುವರಿಯುವುದು ಮರ್ಯಾದೆ.

ಮಾರುವ ಸಹೋದರರಿಗೂ ಒಂದು ಮಾತು. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒದ್ದೆಯನ್ನು ಪತ್ತೆ ಹಚ್ಚಿದಾಗ, ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಪ್ರವಾದಿ(ಸ)ಯವರು ಕೇಳಿದರು. ಸೋರುವ ಮಾಡು, ಕುಸಿಯುವ ಧರೆ, ತಕರಾರಿನ ಗಡಿ, ಇವೆಲ್ಲ ನಿಮ್ಮ ರಾಶಿಯೊಳಗಿನ ಒದ್ದೆ. ಸತ್ಯ ಹೇಳಿ ಮಾರಿದರೆ ಬೆಲೆ ಸ್ವಲ್ಪ ಇಳಿಯಬಹುದು, ಬರ್ಕತ್ ಇಳಿಯುವುದಿಲ್ಲ.

ಇಷ್ಟಕ್ಕೆಲ್ಲ ಖರ್ಚಿದೆ, ಓಡಾಟವಿದೆ, ಒಂದೆರಡು ತಿಂಗಳು ಕಾಯಬೇಕು, ನಿಜ. ಆ ಖರ್ಚು ಭಾರವೆನಿಸುವ ಕುಟುಂಬಗಳಿಗೆ ಜಮಾಅತ್ ನೆರವಾಗಬೇಕು. ಮಹಲ್ಲಿನಲ್ಲಿ ಕಾಗದ ಬಲ್ಲ ಯುವಕರಿದ್ದಾರೆ. ಜುಮುಅ ನಂತರ ಅರ್ಧ ಗಂಟೆ ಕೂತು ಇಂಥ ದಾಖಲೆ ನೋಡಿಕೊಡಿ, ಅದೂ ಸದಕಾ. ನಾವಂತೂ ಇನ್ನು ಮೇಲೆ ನಕ್ಷೆ ನೋಡದೆ ಯಾವ ಕರಾರಿಗೂ ಸಾಕ್ಷಿ ಸಹಿ ಹಾಕುವುದಿಲ್ಲ. ನೀವೂ ಹಾಕಬೇಡಿ. ಸಾಕ್ಷ್ಯ ಅಮಾನತ್.

ಆ ಸಹೋದರರ ವಿಷಯ ಹೇಳಿ ಮುಗಿಸುತ್ತೇವೆ. ನಾವಿಬ್ಬರೂ ಗೌಡರ ಮನೆಗೆ ಹೋದೆವು. ಕ್ಷಮೆ ಕೇಳಿದೆವು. ಅವರು ಕಾಫಿ ಕೊಟ್ಟು ಹೇಳಿದ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ: "ಮೌಲ್ವಿಗಳೇ, ಗಡಿ ಎಲ್ಲಿದೆ ಅಂತ ನಂಗೊತ್ತಿತ್ತು. ಕೊಳ್ಳೋಕೆ ಮುಂಚೆ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ಸಹೋದರರು ಅಡುಗೆಮನೆಯ ಆ ಭಾಗವನ್ನು ಕೆಡವಿದರು. ಮನೆಯಾಕೆಯ ಎರಡು ಬಳೆ ಮಾರಿ ಇನ್ನೊಂದು ಬದಿಯಲ್ಲಿ ಹೊಸ ಅಡುಗೆಮನೆ ಕಟ್ಟಿಸಿದರು. ಅದು ಮುಗಿಯುವ ತನಕ ಒಂದು ಮಳೆಗಾಲ ಪೂರ್ತಿ ಆ ತಾಯಿ ಜಗಲಿಯಲ್ಲಿ ಒಲೆ ಹೂಡಿದರು. ಬಾವಿ ಗೌಡರದೇ. ನೀರು ಸೇದಲು ಅವರು ಇಂದಿಗೂ ಬೇಡವೆಂದಿಲ್ಲ. ನೀವು ಆ ಮನೆಗೆ ಹೋದರೆ ಗೋಡೆಯಲ್ಲಿ ಹಳೆಯ ಬಾಗಿಲು ಮುಚ್ಚಿದ ಗುರುತು ಕಾಣುತ್ತದೆ. ಗೇಣು ನೆಲಕ್ಕೂ ಹೆದರಿದ ಒಬ್ಬ ವಿಶ್ವಾಸಿಯ ಗುರುತು ಅದು. ಆ ಸಂಕಟ ನಿಮಗೆ ಬರದಿರಲಿ ಎಂದೇ ಇಷ್ಟು ಹೇಳಿದೆವು.

ಯಾ ಅಲ್ಲಾಹ್, ನಮಗೆ ಹಲಾಲಾದ ಸೂರನ್ನು, ಒಳ್ಳೆಯ ನೆರೆಯವರನ್ನು ಕರುಣಿಸು. ಇತರರ ಹಕ್ಕು ನಮ್ಮ ಗೋಡೆಯೊಳಗೆ ಸೇರದಂತೆ ಕಾಪಾಡು. ಗೊತ್ತಿಲ್ಲದೆ ಮಾಡಿದ ತಪ್ಪನ್ನು ಮನ್ನಿಸು, ಗೊತ್ತಾದ ಮೇಲೆ ತಿದ್ದಿಕೊಳ್ಳುವ ಧೈರ್ಯ ಕೊಡು. ಆಮೀನ್.