ಶಾಸ್ತ್ರದಾನದಲ್ಲಿ ಎಲ್ಲ ಮಕ್ಕಳಿಗೂ ಪಾಲಿರಲಿ



ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ನಾವು ಬಲ್ಲೆವು. ಆದರೂ ಸ್ವಲೀನತೆಯುಳ್ಳ ಮಗನೊಡನೆ ನಮ್ಮ ಪಾಠಶಾಲೆಗೆ ಬಂದ ತಾಯಿಯನ್ನು, ಕಲಿಸಬಲ್ಲವರಿಲ್ಲವೆಂದು ಹಿಂದಕ್ಕೆ ಕಳುಹಿಸಿದೆವು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಶಿಕ್ಷಕರ ತರಬೇತಿಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. 2020ರಲ್ಲಿ ‘ನಿಷ್ಠಾ’ ತರಬೇತಿ ‘ದೀಕ್ಷಾ’ ಜಾಲತಾಣದ ಮೂಲಕ ಆನ್‌ಲೈನ್ ಆಯಿತು. ಆದರೆ ಗದ್ದಲಕ್ಕೆ ಬೆದರುವ ಮಗುವನ್ನು ಸಂತೈಸಿ ಕಲಿಸುವ ಬಗೆ ವಿಡಿಯೋ ನೋಡಿದ ಮಾತ್ರಕ್ಕೆ ಕರಗತವಾಗದು. ಅನುಭವಿ ವಿಶೇಷ ಶಿಕ್ಷಕರ ಜೊತೆ ತರಗತಿಯಲ್ಲಿ ಅಭ್ಯಾಸವೂ ಬೇಕು.

ಅದನ್ನು ಸರ್ಕಾರದಿಂದ ಒತ್ತಾಯಿಸಿ ಕೇಳೋಣ. ನಾವೂ ಪೂಜೆಯ ಸವಾಲಿನ ಹಣದಲ್ಲಿ ಒಂದು ಪಾಲನ್ನು ನಮ್ಮ ಇಬ್ಬರು ಶಿಕ್ಷಕಿಯರ ತರಬೇತಿಗೆ ಮೀಸಲಿಡೋಣ. ಅನಂತರ ಆ ತಾಯಿಯ ಮನೆಗೆ ನಾವೇ ಹೋಗಿ ಕರೆಯೋಣ.

ಜೈ ಜಿನೇಂದ್ರ.